ಲಂಡನ್ನಿನಲ್ಲಿ ಮಲೆನಾಡಿನ ಪಾಸ್ಖ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ ಕಥೋಲಿಕ ಕ್ರೈಸ್ತರಿಗೆ ಪಾಸ್ಖ ಹಬ್ಬದಲ್ಲಿ, ಅಂದರೆ ಯೇಸು ಸತ್ತು ಮತ್ತೆ ಎದ್ದುದನ್ನು ನೆನೆಯುವ ಈಸ್ಟರಿನಲ್ಲಿ, ಮೊದಲು ಕೈಕೊಡುವುದು ಗಡಿಯಾರ. ಊರಲ್ಲಿ ಹಬ್ಬದ ಹಿಂದಿನ ದಿನವಾದ ಪವಿತ್ರ ಶನಿವಾರ ಏಳು ಗಂಟೆಗೆಲ್ಲ ಕತ್ತಲು. ಇಲ್ಲಿ ಏಪ್ರಿಲ್ ಮೊದಲ ವಾರ ಹೊತ್ತು ಮುಳುಗುವುದೇ ಏಳೂವರೆ ದಾಟಿದ ಮೇಲೆ. ಮಾರ್ಚ್ 21ರಂದು ಅಥವಾ ಅದಾದ ಮೇಲೆ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ ಹಬ್ಬ. ಹಾಗಾಗಿ ಅದು ಏಪ್ರಿಲ್ 25ರವರೆಗೂ ಜಾರಬಹುದು, ಆಗ ಎಂಟು ದಾಟುತ್ತದೆ. ಮಕ್ಕಳಿಗೆ ನಿದ್ದೆ ಬರುತ್ತದೆ, ಕೊನೆಯ ರೈಲು ತಪ್ಪುತ್ತದೆ ಎಂದು ಆರಕ್ಕೇ ಆ ಶನಿವಾರ ರಾತ್ರಿಯ ಪೂಜೆಯಾದ ಜಾಗರಣೆ ಶುರುಮಾಡುವ ಆಸೆಯಾಗುವುದು ಸಹಜ. ಆದರೆ ಕತ್ತಲಾಗದೆ ಶುರುಮಾಡುವಂತಿಲ್ಲ. ಬಿಸಿಲಿನಲ್ಲಿ ಹಚ್ಚಿದ ಬತ್ತಿ ಯಾರಿಗೆ ಕಾಣುತ್ತದೆ?

ಬೆಂಕಿ ಹಾಕುವುದು ಚರ್ಚಿನ ಹೊರಗೆ. ಪಾಸ್ಖದ ದೊಡ್ಡ ಮೇಣದಬತ್ತಿಯ ಮೇಲೆ ಶಿಲುಬೆ, ಗ್ರೀಕ್ ವರ್ಣಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳಾದ ಆಲ್ಫಾ, ಒಮೇಗಾ, ಆ ವರ್ಷದ ನಾಲ್ಕು ಅಂಕಿ. ಕ್ರಿಸ್ತನ ಐದು ಗಾಯಗಳ ನೆನಪಿಗೆ ಐದು ಧೂಪದ ಕಾಳು. ಅದನ್ನು ಹಚ್ಚಿಕೊಂಡು ಕತ್ತಲ ಚರ್ಚಿನೊಳಗೆ ಹೋಗುತ್ತಾ ಮೂರು ಸಲ ‘ಕ್ರಿಸ್ತನ ಬೆಳಕು’ ಎಂದು ಹಾಡಬೇಕು. ಇಲ್ಲಿನ ಏಪ್ರಿಲ್ ಗಾಳಿಗೆ ಕೈಯಲ್ಲಿನ ಸಣ್ಣ ಬತ್ತಿಗಳು ನಿಲ್ಲುವುದಿಲ್ಲ. ಕಾಗದದ ಲೋಟದ ತಳಕ್ಕೆ ತೂತು ಮಾಡಿ ಬತ್ತಿ ತೂರಿಸಿದರೆ ಗಾಳಿಗೂ ಮರೆ, ಮೇಣವೂ ಕಾರ್ಪೆಟ್ಟಿಗೆ ಬೀಳದು. ಬಾಡಿಗೆ ಹಾಲ್ ಆದರೆ ಧೂಪ ಹಾಕುವ ಮೊದಲು ಹೊಗೆ ಅಲಾರ್ಮಿನ ವಿಚಾರ ಕೇಳಿಕೊಳ್ಳಿ. ಬೈಬಲಿನ ಹಳೆಯ ಒಡಂಬಡಿಕೆಯ ಏಳು ವಾಚನಗಳನ್ನು ಮೂರಕ್ಕೆ ಇಳಿಸಲು ಅವಕಾಶವಿದೆ, ಆದರೆ ಕೆಂಪು ಸಮುದ್ರ ದಾಟಿದ ವಿಮೋಚನಕಾಂಡದ 14ನೇ ಅಧ್ಯಾಯ ಬಿಡುವಂತಿಲ್ಲ. ಕನ್ನಡದಲ್ಲಿ ಓದುವ ಹುಡುಗರ ಕೈಗೆ ವಾರದ ಮೊದಲೇ ದಪ್ಪಕ್ಷರದ ಪ್ರತಿ ಕೊಡಿ. ಅವರು ತಡವರಿಸುವುದು ಹೆಚ್ಚಾಗಿ ಒತ್ತಕ್ಷರದಲ್ಲಿ.

ಇಷ್ಟೆಲ್ಲ ಯಾಕೆ ಎಂದು ಮಕ್ಕಳು ಕೇಳಿದರೆ ‘ಯೇಸುವಿನ ಆತ್ಮ ಸ್ವರ್ಗಕ್ಕೆ ಹೋಯಿತು’ ಎಂದು ಮುಗಿಸಿಬಿಡುವವರು ಬಹಳ. ಹಬ್ಬ ಹೇಳುವುದು ಅದನ್ನಲ್ಲ. ಸಮಾಧಿ ಬರಿದಾಗಿತ್ತು, ಎದ್ದು ಬಂದವನ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು, ಲೂಕನ ಸುವಾರ್ತೆಯ 24ನೇ ಅಧ್ಯಾಯದಲ್ಲಿ ಶಿಷ್ಯರ ಎದುರೇ ಸುಟ್ಟ ಮೀನಿನ ತುಂಡು ತಿಂದ. ಎದ್ದದ್ದು ದೇಹ, ಆದರೆ ಮತ್ತೆ ಸಾಯದ ದೇಹ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಇದಕ್ಕೆ ಬಿತ್ತಿದ ಬೀಜದ ಹೋಲಿಕೆ ಕೊಟ್ಟು, ಕ್ರಿಸ್ತನನ್ನು ಸತ್ತವರಲ್ಲಿ ‘ಪ್ರಥಮಫಲ’ ಎನ್ನುತ್ತಾನೆ. ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ ಚರ್ಚಿನಿಂದ ಹೊಸ ಭತ್ತದ ತೆನೆ ತಂದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಒಂದು ತೆನೆ ಕೈಗೆ ಬಂತೆಂದರೆ ಹಿಂದೆ ಇಡೀ ಗದ್ದೆ ಇದೆ. ಊರಿನ ಸಮಾಧಿಯಲ್ಲಿ ಮಲಗಿರುವ ಅಜ್ಜಿ ತಾತಂದಿರೂ ಆ ಗದ್ದೆಯವರೇ.

ಊಟಕ್ಕೆ ತರಿ ಕಡುಬು, ಕೋಳಿ ಸಾರು. ಸಾರು ಶನಿವಾರ ಮಧ್ಯಾಹ್ನವೇ ಆಗಲಿ, ಮರುದಿನಕ್ಕೆ ರುಚಿ ಏರುತ್ತದೆ. ಅಂಗಡಿಯ ಇಡ್ಲಿ ರವೆ ಸಾಮಾನ್ಯವಾಗಿ ಕುಸುಬಲಕ್ಕಿಯದು. ಅಂಟು ಸಾಲದೆ ಉಂಡೆ ಬಿರಿಯುತ್ತದೆ. ಸೋನಾ ಮಸೂರಿ ತೊಳೆದು, ಬಟ್ಟೆಯ ಮೇಲೆ ಆರಿಸಿ, ಮಿಕ್ಸಿಯಲ್ಲಿ ತರಿಯಾಗಿ ಒಡೆಯಿರಿ. ಎರಡು ಲೋಟ ತರಿಗೆ ನಾಲ್ಕು ಲೋಟ ನೀರು, ಉಪ್ಪು; ಕುದಿಯುವ ನೀರಿಗೆ ತರಿ ಸುರಿದು ಗಟ್ಟಿಯಾಗುವವರೆಗೆ ತಿರುವಿ, ಮುಚ್ಚಿ ಹತ್ತು ನಿಮಿಷ ಬಿಡಿ. ಉಂಡೆ ಕಟ್ಟುವುದು ಬಿಸಿ ಇರುವಾಗಲೇ, ಕೈಗೆ ತಣ್ಣೀರು ಮುಟ್ಟಿಸಿಕೊಂಡು. ಇಲ್ಲಿನ ಚಳಿಗೆ ಹಿಟ್ಟು ಬೇಗ ಆರಿ ಬಿರುಕು ಬಿಡುತ್ತದೆ. ಹಬೆಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಸಾಕು.

ಭಾನುವಾರ ಯಾರದೋ ಡ್ಯೂಟಿ ಬಿದ್ದರೆ ಚಿಂತೆ ಬೇಡ. ಇಂಗ್ಲೆಂಡಿನಲ್ಲಿ ಸೋಮವಾರವೂ ರಜೆ, ಪಾಸ್ಖಕಾಲವಂತೂ 50 ದಿನ. ನಂಟರನ್ನು ಮುಂದಿನ ವಾರ ಕರೆದರೂ ಹಬ್ಬದೂಟವೇ. ರಜೆ ಇದೆಯೆಂದು ಶುಭ ಶುಕ್ರವಾರವೇ (ಗುಡ್ ಫ್ರೈಡೇ) ಕೋಳಿ ಬೇಯಿಸಬೇಡಿ, ಅಂದು ಮಾಂಸ ವರ್ಜ್ಯ, ಅಷ್ಟೇ.