ಏಳಕ್ಕೆ ಏಳು

2018ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಸೀಟು ಜೆಡಿಎಸ್‌ಗೆ. ಹಾಗಂತ ಬೇರೆಯವರಿಗೆ ಓಟು ಒತ್ತಿದವರೇ ಇರಲಿಲ್ವಾ? ರಾಜ್ಯದ ಲೆಕ್ಕ ಇನ್ನೂ ಮಜಾ: ಶೇ. 38 ಮತ ತಗೊಂಡ ಕಾಂಗ್ರೆಸ್ಸಿಗಿಂತ ಶೇ. 36 ತಗೊಂಡ ಬಿಜೆಪಿಗೆ ಸೀಟು ಜಾಸ್ತಿ, 104.

ನೆದರ್ಲೆಂಡ್ಸ್‌ನಲ್ಲಿ ಇಡೀ ದೇಶದ ಓಟು ಒಟ್ಟಿಗೆ ಎಣಿಸಿ 150 ಸೀಟು ಹಂಚ್ತಾರೆ. ಶೇ. 10 ಓಟು ಬಿದ್ರೆ ಹದಿನೈದು ಸೀಟಿನ ಆಸುಪಾಸು. ಆಲೆಮನೆ ಲೆಕ್ಕ, ಹಾಕಿದ ಕಬ್ಬಿಗೆ ತಕ್ಕ ಬೆಲ್ಲ. ಆದ್ರೆ ಯಾವ ಪಕ್ಷಕ್ಕೂ ಬಹುಮತ ಬರದೆ, 2021ರ ಚುನಾವಣೆ ಆದ್ಮೇಲೆ ಅಲ್ಲಿ ಹೊಸ ಸರ್ಕಾರ ಬರೋಕೆ 299 ದಿನ ಹಿಡೀತು! ಜೊತೆಗೆ, ಚರಂಡಿ ಕಟ್ಕೊಂಡ್ರೆ ಬೈಯೋಕೆ 'ನಮ್ಮ ಕ್ಷೇತ್ರದ ಎಂಪಿ' ಅಂತ ಒಬ್ಬರೂ ಇರಲ್ಲ. ನಮ್ಮೂರೋರಿಗೆ ಇದು ಆಗ್ಬರೋ ಮಾತಾ?

ನನ್ನ ಓಟು ಜರ್ಮನಿ ಪದ್ಧತಿಗೆ: ಒಬ್ಬೊಬ್ಬರಿಗೂ ಎರಡು ಓಟು, ಕ್ಷೇತ್ರದ ಅಭ್ಯರ್ಥಿಗೊಂದು, ಪಕ್ಷಕ್ಕೊಂದು.