ವಿಲಿವಿಲಿ ಹೂ ಬಿಡುವ ತಿಂಗಳು

ಅಕ್ಟೋಬರ್ 12, 2025, ಭಾನುವಾರ
ಹೊನೊಲುಲು

ಬಿಷಪ್ ಮ್ಯೂಸಿಯಂನಲ್ಲಿ ಇವತ್ತು ಒಂದೇ ಗಾಜಿನ ಪೆಟ್ಟಿಗೆಯ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಒಳಗಿದ್ದದ್ದು ಲೇಯೊಮನೋ. ಹಿಡಿ ಇರುವ ಮರದ ಹಲಗೆ, ಅಂಚಿನುದ್ದಕ್ಕೂ ಟೈಗರ್ ಶಾರ್ಕ್‌ನ ಹಲ್ಲುಗಳು. ಹಳೇ ಕಾಲದ ಹವಾಯಿಯವರು ಹತ್ತಿರದಿಂದ ಹೊಡೆದಾಡುವಾಗ ಬಳಸುತ್ತಿದ್ದ ಆಯುಧ ಇದು. ಒಂದೊಂದು ಹಲ್ಲಿಗೂ ಸಣ್ಣ ತೂತು ಕೊರೆದು, ನಾರಿನಿಂದ ಬಿಗಿಯಾಗಿ ಹೊಲಿದಿದ್ದಾರೆ. ಅದಿರೇ ಸಿಗದ ದ್ವೀಪ. ಕತ್ತಿಗೆ ಬೇಕಾದ ಅಲಗನ್ನು ಸಮುದ್ರದಿಂದಲೇ ತಗೊಂಡರು.

ಆ ಹಲ್ಲನ್ನು ಹತ್ತಿರದಿಂದ ನೋಡಬೇಕು. ಬಿಳಿ ಶಾರ್ಕ್‌ನ ಹಲ್ಲು ನೆಟ್ಟಗಿನ ತ್ರಿಕೋನ. ಟೈಗರ್ ಶಾರ್ಕ್‌ನದು ಹುಂಜದ ಜುಟ್ಟಿನ ಹಾಗೆ ಒಂದು ಪಕ್ಕಕ್ಕೆ ವಾಲಿರುತ್ತದೆ. ವಾಲಿದ ಕಡೆ ಆಳವಾದ ಕಚ್ಚು. ಅಂಚಿನ ತುಂಬ ಗರಗಸದಂಥ ಕಕ್ಕುಗಳು, ದೊಡ್ಡ ಕಕ್ಕುಗಳ ಮೇಲೆ ಮತ್ತೆ ಪುಟ್ಟ ಕಕ್ಕುಗಳು. ಮೇಲಿನ ದವಡೆ, ಕೆಳಗಿನ ದವಡೆ ಎರಡರಲ್ಲೂ ಹೆಚ್ಚುಕಮ್ಮಿ ಇದೇ ಆಕಾರ. ಕಚ್ಚಿ ಹಿಡಿದು ತಲೆಯನ್ನು ಆ ಕಡೆ ಈ ಕಡೆ ಒದರಿದರೆ ಸಾಕು, ಕಡಲಾಮೆಯ ಚಿಪ್ಪೂ ಕೊಯ್ದುಹೋಗುತ್ತದೆ. ಹಲ್ಲು ಬಿದ್ದರೆ ಹಿಂದಿನ ಸಾಲಿನಿಂದ ಹೊಸದು ಮುಂದಕ್ಕೆ ಬರುತ್ತದೆ, ಬದುಕಿರುವ ತನಕ.

ಮರದ ಬೊಡ್ಡೆ ಕೊರೆದು ಮಾಡುವ ಪಹು ಅನ್ನುವ ಡೋಲು ಇದೆ. ಅದಕ್ಕೆ ಬಿಗಿಯುವುದು ಶಾರ್ಕ್‌ನ ಚರ್ಮ. ಗುಡಿಯಲ್ಲೂ ಬಾರಿಸುತ್ತಿದ್ದರು, ಹುಲಾ ಕುಣಿತಕ್ಕೂ ಬಾರಿಸುತ್ತಿದ್ದರು. ಇಷ್ಟೆಲ್ಲ ಬಳಸಿದ ಜನ ಅದೇ ಪ್ರಾಣಿಯನ್ನು ಮನೆಯ ಹಿರಿಯರು ಅಂತಲೂ ನಂಬಿದ್ದರು, ಇವತ್ತಿಗೂ ನಂಬುವವರಿದ್ದಾರೆ. ಔಮಾಕುವಾ ಅಂದರೆ ಕುಟುಂಬವನ್ನು ಕಾಯುವ ಪೂರ್ವಜ. ಕೆಲವು ಮನೆಗಳಿಗೆ ಅದು ಗೂಬೆ, ಕೆಲವಕ್ಕೆ ಕಡಲಾಮೆ, ಇನ್ನು ಕೆಲವಕ್ಕೆ ಶಾರ್ಕ್. ತೀರಿಹೋದವರ ಮೂಳೆಗಳನ್ನು ಮರದ ತೊಗಟೆಯಿಂದ ಮಾಡಿದ ಕಾಪಾ ಬಟ್ಟೆಯಲ್ಲಿ ಸುತ್ತಿ ಸಮುದ್ರಕ್ಕೆ ಒಪ್ಪಿಸುತ್ತಿದ್ದರು. ಆಮೇಲೆ ಕಾಣಿಸುವ ಶಾರ್ಕ್‌ನ ಮೈಮೇಲೆ ಆ ಬಟ್ಟೆಯ ಗುರುತು ಹುಡುಕುತ್ತಿದ್ದರು. ಮೀನು ಹಿಡಿದು ಬರುವವರು ಅದಕ್ಕೊಂದು ಪಾಲು ತೆಗೆದಿಡುತ್ತಿದ್ದರು.

ನನ್ನ ಜೊತೆ ಕೆಲಸ ಮಾಡುವ ಒಬ್ಬಾಕೆಯ ಮನೆಯ ಔಮಾಕುವಾ ಶಾರ್ಕ್. ಅವರ ಮನೆಯಲ್ಲಿ ಯಾರೂ ಶಾರ್ಕ್ ತಿನ್ನುವುದಿಲ್ಲ. "ಹಾಗಂತ ನಾವು ಅದರ ಹತ್ತಿರ ಹೋಗಿ ತಲೆ ಸವರಲ್ಲ" ಅಂದಳು. "ಅದು ಎಲ್ಲಿರುತ್ತೆ, ಯಾವಾಗ ಬರುತ್ತೆ ಅಂತ ತಿಳ್ಕೊಂಡಿರ್ತೀವಿ." ಈ ಮಾತು ನನಗೆ ತುಂಬಾ ಹಿಡಿಸಿತು.

ಪರ್ಲ್ ಹಾರ್ಬರ್ ಅಂದರೆ ನಮಗೆಲ್ಲ ನೆನಪಾಗುವುದು 1941ರ ಬಾಂಬು. ಆ ಜಾಗದ ಹಳೇ ಹೆಸರು ಪುಉಲೋವಾ, ಅಲ್ಲಿನ ಕಾವಲು ದೇವತೆ ಕಾಅಹುಪಾಹೌ ಅನ್ನುವ ಹೆಣ್ಣು ಶಾರ್ಕ್. ಒಡಹುಟ್ಟಿದವನ ಜೊತೆ ಸೇರಿ, ಮನುಷ್ಯರನ್ನು ತಿನ್ನುವ ಬೇರೆ ಶಾರ್ಕ್‌ಗಳು ಒಳಗೆ ಬರದ ಹಾಗೆ ಕಾಯುತ್ತಿದ್ದಳಂತೆ. ಜನ ಅವಳಿಗೆ ಊಟ ಕೊಟ್ಟು, ಬೆನ್ನಿಗೆ ಅಂಟಿದ ಚಿಪ್ಪುಗಳನ್ನು ಕೆರೆದು ತೆಗೆಯುತ್ತಿದ್ದರು ಅನ್ನುತ್ತವೆ ಕಥೆಗಳು. 1909ರಲ್ಲಿ ಅಮೆರಿಕದ ನೌಕಾಪಡೆ ಅಲ್ಲಿ ಹಡಗು ರಿಪೇರಿಗೆ ಡ್ರೈ ಡಾಕ್ ಕಟ್ಟಲು ಶುರುಮಾಡಿತು. ಅದು ಅವಳ ಮಗನ ಗುಹೆ ಇರುವ ಜಾಗ, ಮುಟ್ಟಬೇಡಿ ಅಂತ ಊರಿನವರು ಹೇಳಿದರು. 1913ರ ಫೆಬ್ರವರಿಯಲ್ಲಿ ಕಟ್ಟಿದ್ದೆಲ್ಲ ಕುಸಿದುಬಿತ್ತು. ತಳದ ಕೆಳಗಿನ ನೀರಿನ ಒತ್ತಡ ಎತ್ತಿ ಒಡೆಯಿತು ಅನ್ನುವುದು ಎಂಜಿನಿಯರುಗಳ ಲೆಕ್ಕ. ಮತ್ತೆ ಬೇರೆ ವಿಧಾನದಲ್ಲಿ ಕಟ್ಟಿ 1919ರಲ್ಲಿ ತೆರೆದರು, ಹವಾಯಿಯ ಪುರೋಹಿತರನ್ನು ಕರೆಸಿ ಶಾಂತಿಯನ್ನೂ ಮಾಡಿಸಿದರು. ನೀರು ಬಸಿದಾಗ ತಳದಲ್ಲಿ ದೊಡ್ಡ ಶಾರ್ಕ್‌ನ ಅಸ್ಥಿಪಂಜರ ಸಿಕ್ಕಿತು ಅಂತ ಇಲ್ಲಿನವರು ಇವತ್ತಿಗೂ ಹೇಳುತ್ತಾರೆ. ನನಗೆ ಎಂಜಿನಿಯರುಗಳ ಲೆಕ್ಕವೂ ಬೇಕು, ಈ ಮಾತೂ ಬೇಕು. ಆ ನೆಲ, ಆ ನೀರನ್ನು ಯಾರು ಎಷ್ಟು ಕಾಲದಿಂದ ಬಲ್ಲರು ಅನ್ನುವುದು ಈ ಮಾತಿನಲ್ಲಿದೆ.

ಇವತ್ತು ಇದನ್ನೆಲ್ಲ ಬರೆಯಲು ಕೂತಿದ್ದು ಒಂದು ಗಾದೆಯಿಂದ. ಪುವಾ ಕಾ ವಿಲಿವಿಲಿ, ನನಹು ಕಾ ಮನೋ. ವಿಲಿವಿಲಿ ಹೂ ಬಿಟ್ಟರೆ ಶಾರ್ಕ್ ಕಚ್ಚುತ್ತದೆ. ಬಿಷಪ್ ಮ್ಯೂಸಿಯಂನಲ್ಲೇ ದುಡಿದ ಮೇರಿ ಕವೇನಾ ಪುಕುಯಿ ಊರೂರು ತಿರುಗಿ ಕೂಡಿಟ್ಟ ಸಾವಿರಾರು ಗಾದೆಗಳಲ್ಲಿ ಇದೂ ಒಂದು. ವಿಲಿವಿಲಿ ನಮ್ಮ ಹಾಲುವಾಣದ ಹತ್ತಿರದ ನೆಂಟ. ಕಾಫಿ ತೋಟದಲ್ಲಿ ನೆರಳಿಗೆ ನೆಟ್ಟು ಮೆಣಸಿನ ಬಳ್ಳಿ ಹಬ್ಬಿಸುತ್ತೇವಲ್ಲ, ಅದೇ ಕುಲ. ಮುಳ್ಳು, ಹಗುರ ಮರ, ಎಲೆ ಉದುರಿದ ಮೇಲೆ ಹೂವು, ಎಲ್ಲ ಅದೇ ತರ. ನಮ್ಮದು ಕೆಂಪು. ಇಲ್ಲಿ ಒಂದು ಮರ ಕಿತ್ತಳೆ ಬಣ್ಣದಲ್ಲಿ ಹೂ ಬಿಟ್ಟರೆ ಪಕ್ಕದ್ದು ತಿಳಿಹಸಿರು. ಹಗುರ ಅಂತ ಹಿಂದೆ ಇದರಿಂದ ಸರ್ಫ್ ಹಲಗೆಯನ್ನೂ ಬಲೆಯ ತೇಲುವ ಬೆಂಡನ್ನೂ ಮಾಡುತ್ತಿದ್ದರು. ಬೇಸಿಗೆಯ ಕೊನೆಯಿಂದ ಈ ತಿಂಗಳ ತನಕ ಇದು ಹೂ ಬಿಡುವ ಕಾಲ.

ಈ ಗಾದೆ ಇದ್ದ ದ್ವೀಪಗಳಲ್ಲೇ ಶಾರ್ಕ್‌ಗಳನ್ನು ಲೆಕ್ಕ ಹಾಕಿ ಕೊಂದರು. 1958ರ ಡಿಸೆಂಬರ್‌ನಲ್ಲಿ ಒಬ್ಬ ಹುಡುಗ ಶಾರ್ಕ್ ದಾಳಿಯಲ್ಲಿ ಸತ್ತ. ಊರಿಗೆ ಊರೇ ನಡುಗಿತು, ಅದು ಸಹಜ. ಮರುವರ್ಷ ಸರ್ಕಾರದ ದುಡ್ಡಿನಲ್ಲಿ ಬೇಟೆ ಶುರುವಾಯಿತು. 1976ರ ತನಕ ಬಿಟ್ಟು ಬಿಟ್ಟು ನಡೆದ ಈ ಕೆಲಸದಲ್ಲಿ 4,668 ಶಾರ್ಕ್‌ಗಳು ಸತ್ತವು. ಅವುಗಳಲ್ಲಿ ಟೈಗರ್ ಶಾರ್ಕ್ 554 ಮಾತ್ರ. ಜಾಸ್ತಿ ಸತ್ತಿದ್ದು ಮನುಷ್ಯರ ಗೊಡವೆಗೇ ಬರದ ಸ್ಯಾಂಡ್‌ಬಾರ್ ಶಾರ್ಕ್‌ಗಳು. ಆಮೇಲೆ ವಿಜ್ಞಾನಿಗಳು ಕೂತು ಅಂಕಿಅಂಶ ನೋಡಿದರೆ, ದಾಳಿಗಳ ಸಂಖ್ಯೆ ಕಡಿಮೆಯಾದ ಗುರುತೇ ಇಲ್ಲ. ಓದಿ ನನಗೆ ಸಂಕಟವಾಯಿತು. ಅಷ್ಟು ಜೀವ, ಅಷ್ಟು ದುಡ್ಡು, ಅಷ್ಟು ವರ್ಷ.

ಯಾಕೆ ಕಡಿಮೆಯಾಗಲಿಲ್ಲ ಅನ್ನುವುದು ಶಾರ್ಕ್‌ಗಳಿಗೆ ಟ್ಯಾಗ್ ಹಾಕಲು ಶುರುಮಾಡಿದ ಮೇಲೆ ಗೊತ್ತಾಗುತ್ತಾ ಬಂತು. ಕಾನೆಓಹೆ ಕೊಲ್ಲಿಯ ಪುಟ್ಟ ದ್ವೀಪವೊಂದರಲ್ಲಿ ಹವಾಯಿ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ಸಂಸ್ಥೆ ಇದೆ. ಅಲ್ಲಿನವರು ಶಾರ್ಕ್ ಅನ್ನು ದೋಣಿಯ ಪಕ್ಕಕ್ಕೆ ಎಳೆದು, ನೀರಿನಲ್ಲೇ ಅಂಗಾತ ತಿರುಗಿಸುತ್ತಾರೆ. ಹಾಗೆ ತಿರುಗಿಸಿದರೆ ಅದು ಮಂಕು ಹಿಡಿದ ಹಾಗೆ ಸುಮ್ನೆ ಮಲಗಿಬಿಡುತ್ತದೆ! ಹೊಟ್ಟೆಯಲ್ಲಿ ಸಣ್ಣದಾಗಿ ಕೊಯ್ದು, ಬೆರಳಿನಷ್ಟಿರುವ ಟ್ರಾನ್ಸ್‌ಮಿಟರ್ ಇಟ್ಟು, ಹೊಲಿಗೆ ಹಾಕಿ ಬಿಡುತ್ತಾರೆ. ಆಮೇಲೆ ವರ್ಷಗಟ್ಟಲೆ ಅದು ಸದ್ದು ಮಾಡುತ್ತಿರುತ್ತದೆ. ಸಮುದ್ರದ ತಳದಲ್ಲಿ ಅಲ್ಲಲ್ಲಿ ಇಟ್ಟ ಯಂತ್ರಗಳ ಹತ್ತಿರ ಶಾರ್ಕ್ ಹಾದುಹೋದಾಗಲೆಲ್ಲ ಯಾವುದು, ಎಷ್ಟು ಹೊತ್ತಿಗೆ ಅಂತ ದಾಖಲಾಗುತ್ತದೆ.

ಟೈಗರ್ ಶಾರ್ಕ್ ಒಂದೇ ತೀರಕ್ಕೆ ಅಂಟಿಕೊಂಡು ಕೂರುವ ಪ್ರಾಣಿ ಅಲ್ಲವೇ ಅಲ್ಲ. ಇಲ್ಲಿಂದ ವಾಯವ್ಯಕ್ಕೆ ನೂರಾರು ಕಿಲೋಮೀಟರ್ ದೂರದಲ್ಲಿ ಫ್ರೆಂಚ್ ಫ್ರಿಗೇಟ್ ಶೋಲ್ಸ್ ಅನ್ನುವ ಹವಳದ ದಿಬ್ಬಗಳಿವೆ. ಬೇಸಿಗೆಯಲ್ಲಿ ಅಲ್ಲಿನ ಆಲ್ಬಟ್ರಾಸ್ ಮರಿಗಳು ಮೊದಲ ಸಲ ರೆಕ್ಕೆ ಬಡಿದು ನೀರಿನ ಮೇಲೆ ಇಳಿಯುತ್ತವೆ. ಸರಿಯಾಗಿ ಆ ಹೊತ್ತಿಗೆ ಟೈಗರ್ ಶಾರ್ಕ್‌ಗಳು ಹಾಜರ್. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬಲಿತ ಹೆಣ್ಣುಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ಅಲ್ಲಿಂದ ಹೊರಟು, ಬೇಸಿಗೆ ಮುಗಿಯುತ್ತಿದ್ದ ಹಾಗೆ ಜನ ವಾಸಿಸುವ ಈ ದ್ವೀಪಗಳ ಕಡೆಗೆ ಬರುತ್ತವೆ. ಬರುವುದು ಮರಿ ಹಾಕಲು.

ಹೆಣ್ಣು ಟೈಗರ್ ಶಾರ್ಕ್ 15-16 ತಿಂಗಳು ಗಬ್ಬವಾಗಿರುತ್ತದೆ. ಒಂದು ಸೂಲಿಗೆ 10ರಿಂದ 80 ಮರಿ. ಇಲ್ಲಿ ಮೂರು ವರ್ಷಕ್ಕೊಮ್ಮೆ ಮಾತ್ರ ಹೆರುತ್ತದೆ, ಅದು ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ. ಹೊಸ ಮರಿಯ ಮೈಮೇಲಿನ ಪಟ್ಟೆಗಳು ಎಷ್ಟು ಅಚ್ಚಾಗಿರುತ್ತವೆ ಅಂದರೆ, ಟೈಗರ್ ಅನ್ನುವ ಹೆಸರು ಆಗಲೇ ಹೊಂದುವುದು. ದೊಡ್ಡದಾದ ಹಾಗೆ ಮಸುಕಾಗುತ್ತವೆ. ಇಲ್ಲಿ ಕಚ್ಚಿದ ಪ್ರಕರಣಗಳು ಜಾಸ್ತಿ ಆಗುವುದೂ ಅಕ್ಟೋಬರ್‌ನಲ್ಲೇ. ಹೆತ್ತು ಹಸಿದ ದೊಡ್ಡ ಹೆಣ್ಣುಗಳು ದಡದ ಹತ್ತಿರ ಹೆಚ್ಚಾಗಿರುವುದು ಕಾರಣ ಇರಬಹುದು ಅಂತ ಸಂಶೋಧಕರು ಊಹಿಸುತ್ತಾರೆ.

ಗಾದೆಗೆ ಹಿರಿಯರು ಕೊಟ್ಟ ವಿವರಣೆ, ಅದು ಶಾರ್ಕ್‌ಗಳು ಜೊತೆಗೂಡುವ ಕಾಲ ಅಂತ. ಟ್ಯಾಗ್ ಹಾಕಿದವರು ಹೇಳುವುದು, ಜೊತೆಗೂಡುವುದು ವರ್ಷದ ಶುರುವಿನಲ್ಲಿ, ಇದು ಹೆರುವ ಕಾಲ. ಕಾರಣ ಬದಲಾಯಿತು, ತಿಂಗಳು ಮಾತ್ರ ಕರಾರುವಾಕ್ಕು. ಯಂತ್ರ ಇಲ್ಲದೆ, ತಲೆಮಾರುಗಟ್ಟಲೆ ಮರ ನೋಡಿ, ಸಮುದ್ರ ನೋಡಿ, ಎರಡನ್ನೂ ಒಂದೇ ಸಾಲಿನಲ್ಲಿ ಕಟ್ಟಿಟ್ಟರಲ್ಲ, ಅವರ ಮೇಲೆ ನನಗೆ ತುಂಬಾ ಗೌರವ.

ಸಂಜೆ ಸಕಲೇಶಪುರದಿಂದ ಅಮ್ಮ ಫೋನ್ ಮಾಡಿದ್ದಳು. ಇದೆಲ್ಲ ಹೇಳಿದರೆ, "ಅಲ್ಲ ಕಣೇ, ಅಂಥದ್ದೆಲ್ಲ ಇರೋ ನೀರಿಗೆ ಇಳೀತೀಯಲ್ಲ!" ಅಂದಳು. ಇಲ್ಲಿ ದಿನಾ ಸಾವಿರಾರು ಜನ ಈಜುತ್ತಾರೆ ಅಮ್ಮಾ, ಇಡೀ ವರ್ಷಕ್ಕೆ ಕಚ್ಚಿಸಿಕೊಳ್ಳುವವರು ಬೆರಳೆಣಿಕೆ ಅಂದೆ. ಈ ಕಾಲದಲ್ಲಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಇಳಿಯಲ್ಲ. ಮಳೆ ಬಂದು ಹೊಳೆನೀರು ಸೇರಿ ರಾಡಿಯಾದ ಕಡೆ ಹೋಗಲ್ಲ. ಒಬ್ಬಳೇ ಈಜಲ್ಲ. ಅಷ್ಟು ಹೇಳಿದ ಮೇಲೆ ಸಮಾಧಾನ ಆಯ್ತು ಅವಳಿಗೆ.

ಅವಳಿಗೆ ಹೇಳದೇ ಉಳಿದದ್ದು ಕಾನೂನಿನ ವಿಷಯ. 2010ರಲ್ಲಿ ಅಮೆರಿಕದ ರಾಜ್ಯಗಳಲ್ಲೇ ಮೊದಲು ಹವಾಯಿ ಶಾರ್ಕ್ ರೆಕ್ಕೆಯ ಮಾರಾಟ ನಿಲ್ಲಿಸಿತು. 2022ರ ಜನವರಿ 1ರಿಂದ ಈ ರಾಜ್ಯದ ನೀರಿನಲ್ಲಿ ಬೇಕಂತಲೇ ಶಾರ್ಕ್ ಹಿಡಿಯುವುದು, ಕೊಲ್ಲುವುದು ಎರಡೂ ಅಪರಾಧ. ಮೊದಲ ಸಲಕ್ಕೆ 500 ಡಾಲರ್ ದಂಡ, ಎರಡನೆಯದಕ್ಕೆ 2,000, ಆಮೇಲೆ 10,000. ಸಂಶೋಧನೆಗೆ ಪರವಾನಗಿ ಪಡೆದವರಿಗೆ ವಿನಾಯಿತಿ ಇದೆ. ಹವಳದ ದಂಡೆಯ ಆರೋಗ್ಯಕ್ಕೆ ಶಾರ್ಕ್ ಬೇಕು, ಹವಾಯಿಯವರ ನಂಬಿಕೆಗೂ ಅದು ಬೇಕು ಅನ್ನುವ ಎರಡೂ ಮಾತು ಈ ಕಾನೂನಿನ ಹಿಂದಿವೆ. ಸರ್ಕಾರವೇ ದುಡ್ಡು ಕೊಟ್ಟು ಕೊಲ್ಲಿಸಿದ ನೀರಿನಲ್ಲಿ ಈಗ ಸರ್ಕಾರವೇ ಕಾಯುತ್ತಿದೆ. ಬಹಳ ತಡವಾಯಿತು, ಆದರೂ ಆಯಿತಲ್ಲ ಅಂತ ನನಗೆ ಖುಷಿ.