ವೇದಾವತಿ ಕಣಿವೆಗೆ ಸೈಕಲ್: ತಯಾರಿ ಎಲ್ಲಿಗೆ ಬಂತು

ದಾರಿ ತಿರುಗಿಸಿದ್ದೇವೆ. ಹೊಸದುರ್ಗದಿಂದ ಹೊರಟು, ಹೊಳೆ ಹರಿಯುವ ಕಡೆಗೇ ಇಳಿದು, ಮಾರಿಕಣಿವೆ ದಾಟಿ ಹಿರಿಯೂರು ಸೇರುವುದು ಮೊದಲಿನ ಲೆಕ್ಕ. ಈಗ ಹಿರಿಯೂರಿನಿಂದ ಪಡುವಣಕ್ಕೆ, ಹೊಸದುರ್ಗದ ಕಡೆಗೆ. ಕಾರಣ ಗಾಳಿ. ಮುಂಗಾರಿನಲ್ಲಿ ಇಲ್ಲಿ ಪಡುವಣ ಗಾಳಿ ಜೋರು. ದುರ್ಗದ (ಚಿತ್ರದುರ್ಗ) ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದು ಸುಮ್ಮನೆ ಅಲ್ಲ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ. ನಾವು ಹೋಗುವುದು ಆಗ. ಏರು ಒಟ್ಟಾರೆ ನೂರು ಮೀಟರ್ ಆಸುಪಾಸು, ಇಡೀ ದಾರಿಗೆ ಹಂಚಿಹೋಗುವುದರಿಂದ ಕಾಲಿಗೆ ಗೊತ್ತೇ ಆಗುವುದಿಲ್ಲ. ಎದುರುಗಾಳಿ ಹಾಗಲ್ಲ, ಹತ್ತು ಗಂಟೆಯಾದ ಮೇಲೆ ಬಿಡದೆ ಕಾಡುತ್ತದೆ. ಬೆಳಗಿನ ಬಿಸಿಲೂ ಬೆನ್ನಿಗೇ ಬೀಳುತ್ತದೆ.

ತಿಂಗಳು ಗೊತ್ತುಮಾಡುವುದು ಇನ್ನೂ ಕಷ್ಟದ ವಿಷಯ, ಅದು ಮಾರಿಕಣಿವೆಯ ಅಣೆಕಟ್ಟೆ ವಾಣಿ ವಿಲಾಸ ಸಾಗರದ ನೀರಿನ ಮಟ್ಟದ ಮೇಲೆ ನಿಂತಿದೆ. ತುಂಬಿದ ಮಟ್ಟ 130 ಅಡಿ. 1907ರಲ್ಲಿ ಮುಗಿದ ಈ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 2025ರಲ್ಲಿ ಜನವರಿ ತಿಂಗಳಲ್ಲೇ ಬಿತ್ತು. ಹಿರಿಯೂರಿನ ಮಳೆ ನೋಡಿ ಕೆರೆ ತುಂಬಿದೆಯೋ ಇಲ್ಲವೋ ಹೇಳಲಾಗದು. ನೀರು ಬಾಬಾಬುಡನ್‌ಗಿರಿ ಕಡೆಯಿಂದ ಬರಬೇಕು. ಜೊತೆಗೆ ಈಗ ಭದ್ರೆಯ ನೀರನ್ನೂ ಎತ್ತಿ, ಅಜ್ಜಂಪುರದ ಸುರಂಗ ದಾಟಿಸಿ ವೇದಾವತಿಗೆ ಬಿಡುತ್ತಾರೆ. ಹಾಗಾಗಿ ಮಳೆಗಾಲ ಮುಗಿದರೂ ಮಟ್ಟ ಏರುತ್ತಿರಬಹುದು.

ಕೋಡಿ ನೋಡಬೇಕೆಂದರೆ ತುಂಬಿದಾಗಲೇ ಹೋಗಬೇಕು. ಹಕ್ಕಿ ಬೇಕೆಂದರೆ ಆ ಹೊತ್ತು ಪ್ರಯೋಜನವಿಲ್ಲ: ದಡದ ಕೆಸರೆಲ್ಲ ಮುಳುಗಿರುತ್ತದೆ, ಕೆಸರಿನಲ್ಲಿ ಮೇಯುವ ಹಕ್ಕಿಗಳಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ನೀರು ಇಳಿಯುತ್ತಾ ಅಂಚು ತೆರೆದುಕೊಂಡಾಗ ಅವು ಸಿಗುತ್ತವೆ. ನಮ್ಮ ಒಲವು ಹಕ್ಕಿಗಳ ಕಡೆ, ಅಂದರೆ ಫೆಬ್ರವರಿ. ಕೋಡಿಯ ಜಾತ್ರೆಯಲ್ಲಿ ಸೈಕಲ್ ತುಳಿಯುವುದೂ ಸುಖವಲ್ಲ.

ಹಿನ್ನೀರಿನ ಮಣ್ಣುದಾರಿಗಳನ್ನು ಫೋನಿನ ನಕ್ಷೆ ನೋಡಿ ನಂಬಬೇಡಿ. ನೀರು ತಗ್ಗಿದ್ದ ವರ್ಷಗಳಲ್ಲಿ ಕೆರೆಯಂಗಳದಲ್ಲೇ ಬಿದ್ದ ಗಾಡಿ ಜಾಡೂ ಅದರಲ್ಲಿ ರಸ್ತೆಯಾಗಿ ಕಂಡೀತು, ಎದುರಿಗೆ ಹೋದರೆ ನೀರು. ಡಾಂಬರು ರಸ್ತೆಯೇ ಮುಖ್ಯ ದಾರಿ, ಮಣ್ಣುದಾರಿಗೆ ಇಳಿಯುವ ಮುನ್ನ ಹತ್ತಿರದ ಹಳ್ಳಿಯಲ್ಲಿ ಕೇಳುವುದು. ಹಿಂದಿನ ದಿನ ಮಳೆ ಬಿದ್ದಿದ್ದರೆ ಎರೆ ಹೊಲದ ದಾರಿ ಪೂರ್ತಿ ಬಿಡುವುದು. ಮಣ್ಣು ಮಡ್‌ಗಾರ್ಡ್‌ಗೆ ಮೆತ್ತಿಕೊಂಡು ಚಕ್ರ ತಿರುಗುವುದೇ ನಿಲ್ಲುತ್ತದೆ.

ಮುಳ್ಳು. ಈ ಸೀಮೆಯಲ್ಲಿ ಪಂಕ್ಚರ್ ಎಂದರೆ ಬಳ್ಳಾರಿ ಜಾಲಿ. ರಸ್ತೆ ಪಕ್ಕ ನಿಲ್ಲುವಾಗ ಸೈಕಲ್ ಉರುಳಿಸದೆ ಎತ್ತಿಕೊಂಡು ಹೋಗಬೇಕು, ಅರ್ಧ ಪಂಕ್ಚರ್ ಅಲ್ಲೇ ತಪ್ಪುತ್ತದೆ. ತಲೆಗೆ ಎರಡು ಟ್ಯೂಬ್, ಆರು ಪ್ಯಾಚ್, ಪ್ಯಾಚ್ ಅಂಟಿಸುವ ಹೊಸ ಸೊಲ್ಯೂಷನ್ (ಒಮ್ಮೆ ಬಾಯಿ ತೆರೆದ ಸೊಲ್ಯೂಷನ್ ತಿಂಗಳಲ್ಲಿ ಒಣಗಿಹೋಗುತ್ತದೆ), ಪಂಪು ಇಬ್ಬರಿಗೊಂದು. ಟ್ಯೂಬ್ ಬದಲಿಸುವ ಮುಂಚೆ ಟೈರಿನ ಒಳಮೈಯನ್ನು ಹತ್ತಿ ಬಟ್ಟೆಯಿಂದ ಸುತ್ತಲೂ ಒರೆಸಿ. ಮುರಿದ ಮುಳ್ಳಿನ ತುದಿ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಚಿಮುಟದಿಂದ ಕೀಳದಿದ್ದರೆ ಹೊಸ ಟ್ಯೂಬೂ ಹೋಯಿತು.

ನೀರು ತಲೆಗೆ ನಾಲ್ಕು ಲೀಟರ್. ಜಿಲ್ಲೆಯ ಹಲವೆಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಒಂದು ದಿನ ಕುಡಿದರೆ ಏನೂ ಆಗದು, ಆದರೂ ಶುದ್ಧ ನೀರಿನ ಘಟಕ ಸಿಕ್ಕಲ್ಲಿ ತುಂಬಿಸುವುದು ಒಳ್ಳೆಯದು. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಒಂದೇ ಸಲ ಸುರಿಯುವ ಯಂತ್ರಗಳೇ ಹೆಚ್ಚು. ಬಾಟಲಿ ಹಿಡಿದು ಒಬ್ಬೊಬ್ಬರೇ ಹೋದರೆ ಮುಕ್ಕಾಲು ಚರಂಡಿಗೆ. ಎಲ್ಲರೂ ಒಟ್ಟಿಗೆ ಹೋಗಬೇಕು, ಇಲ್ಲವೇ ಕೊಡ ತಂದವರ ಹಿಂದೆ ನಿಂತು ಅವರ ನೀರಿನಲ್ಲೇ ಪಾಲು ಕೇಳಬೇಕು. ಯಾರೂ ಇಲ್ಲ ಅನ್ನುವುದಿಲ್ಲ.

ದುರ್ಗದಿಂದ ಹಿರಿಯೂರು ನಲವತ್ತು ಕಿ.ಮೀ., ಹೆದ್ದಾರಿ. ಲಾರಿಗಳ ನಡುವೆ ತುಳಿಯುವ ಬದಲು ಲಗೇಜ್ ಆಟೋ ಮಾತಾಡಿದ್ದೇವೆ. ಅಲ್ಲಿಂದ ಅಣೆಕಟ್ಟೆ ಇಪ್ಪತ್ತು ಕಿ.ಮೀ. ಸುಮಾರು, ಆರಕ್ಕೆ ಹೊರಟರೆ ಎಂಟರೊಳಗೆ ಅಲ್ಲಿ. ವಾಪಸು ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ. ರೈಲು ಹಿಡಿಯೋಣ ಎಂದವರಿಗೆ: ಹೊಸದುರ್ಗ ರೋಡ್ ಸ್ಟೇಷನ್ ಊರಿನ ಪಕ್ಕದಲ್ಲಿಲ್ಲ, ಬಹಳ ದೂರ.

ಬಾಕಿ ಇರುವುದು: ಹೊಸದುರ್ಗದಲ್ಲಿ ಆಟೋ ಎಷ್ಟು ಗಂಟೆಗೆ ಬರಬೇಕೆಂಬುದು, ಭಾನುವಾರವೋ ವಾರದ ದಿನವೋ ಎಂಬುದು. ಭಾನುವಾರ ಕಣಿವೆ ಮಾರಮ್ಮನ ಗುಡಿಗೆ ಬರುವವರ ವಾಹನಗಳಿಂದ ಅಣೆಕಟ್ಟೆ ರಸ್ತೆ ತುಂಬಿರುತ್ತದೆ. ಶನಿವಾರ ಆಗಬಹುದೇ ತಿಳಿಸಿ.